ಬಾಂದು ಕಲ್ಲಿನವರೆಗೆ ಓಟ

ಮೊನ್ನೆ ಕಡೂರಿನಿಂದ ಬರುವಾಗ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ನಮ್ಮ ಬಸ್ಸಿನ ಮುಂದೆ ಈರುಳ್ಳಿ ಲಾರಿ. ಹಿಂದಿನ ದಿನದ ಮಳೆಯಲ್ಲಿ ನೆನೆದ ಮೂಟೆಗಳಿರಬೇಕು. ಅರ್ಧ ಖಾರ, ಅರ್ಧ ಕೊಳೆತ ಆ ವಾಸನೆ ಕಿಟಕಿಯಿಂದ ಒಳಗೆ ನುಗ್ಗಿತು. ಪಕ್ಕದಲ್ಲಿದ್ದ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಇನ್ನಷ್ಟು ಎಳೆದುಕೊಂಡೆ. ಅಜ್ಜಂಪುರದಲ್ಲಿ ನಾನು ಮತ್ತೆ ಓಡಲು ಶುರು ಮಾಡಿದ ವರ್ಷ ದಿನಾ ಬೆಳಗ್ಗೆ ನನ್ನ ಎದೆಯೊಳಗೆ ಹೋಗುತ್ತಿದ್ದ ಗಾಳಿ ಇದೇ.

ನಾನು ಸರ್ವೆ ಇಲಾಖೆಯವಳು. ನನ್ನ ಕೆಲಸವೇ ಅನುಮಾನ ಪಡುವುದು. ಜಮೀನಿನ ಎಲ್ಲೆ ತೋರಿಸಲು ನೆಟ್ಟ ಬಾಂದು ಕಲ್ಲು ನಮ್ಮ ಸೀಮೆಯಲ್ಲಿ ನೆಟ್ಟ ಕಡೆ ನಿಲ್ಲುವುದಿಲ್ಲ. ಕೇಳಿದರೆ "ಎತ್ತು ತಗುಲ್ತು ಮೇಡಂ" ಅನ್ನುತ್ತಾರೆ, ಈಗೀಗ "ಟ್ರ್ಯಾಕ್ಟರ್ ತಗುಲ್ತು" ಅನ್ನುತ್ತಾರೆ. ಎತ್ತು ತಗುಲಿದ ಕಲ್ಲು ಯಾವಾಗಲೂ ಪಕ್ಕದವನ ಹೊಲದ ಕಡೆಗೇ ಯಾಕೆ ಜರುಗುತ್ತದೆ ಎಂದು ಇಷ್ಟು ವರ್ಷದಲ್ಲಿ ಒಬ್ಬರೂ ನನಗೆ ಬಿಡಿಸಿ ಹೇಳಿಲ್ಲ. ಹೀಗಾಗಿ ಯಾರು ಏನು ಹೇಳಿದರೂ ಅದರ ಹಿಂದೆ ಏನಿದೆ ಎಂದು ನೋಡುವುದು ನನಗೆ ಚಾಳಿಯಾಗಿಬಿಟ್ಟಿದೆ. ತರೀಕೆರೆಯಲ್ಲಿ ಹೈಸ್ಕೂಲ್ ಮೇಷ್ಟ್ರಾಗಿರುವ ನಮ್ಮ ಯಜಮಾನರು, "ಇವಳು ದೇವಸ್ಥಾನದಲ್ಲಿ ತೀರ್ಥ ಕೊಟ್ಟರೂ ಮೂಸಿ ನೋಡಿ ಕುಡಿಯೋಳು" ಎಂದು ನೆಂಟರ ಮುಂದೆ ಆಡಿಕೊಳ್ಳುತ್ತಾರೆ.

ಆ ವರ್ಷ ಬೇಸಿಗೆಯ ಕೊನೆಗೆ ತರೀಕೆರೆಯ ಡಾಕ್ಟರು ನನ್ನ ರಕ್ತದ ರಿಪೋರ್ಟು ನೋಡಿ, "ಸಕ್ಕರೆ ಬಾಗಿಲಿಗೆ ಬಂದು ನಿಂತಿದೆ ತಾಯಿ, ಇನ್ನೂ ಒಳಗೆ ಬಂದಿಲ್ಲ. ಮಳೆಗಾಲ ಮುಗಿಯೋದರೊಳಗೆ ಮೈ ಇಳಿಸಿದ್ರೆ ಸರಿ, ಇಲ್ದಿದ್ರೆ ಮಾತ್ರೆ" ಎಂದರು. ನಾನು ನಂಬಲಿಲ್ಲ. ಕಡೂರಿಗೆ ಹೋಗಿ ಬೇರೆ ಲ್ಯಾಬಿನಲ್ಲಿ ರಕ್ತ ಕೊಟ್ಟೆ. ಅವರೂ ಅದನ್ನೇ ಬರೆದು ಕೊಟ್ಟರು. ನನ್ನ ಅವ್ವನಿಗೆ ಇದೇ ಕಾಯಿಲೆಯಲ್ಲಿ ಮೊದಲು ಹೆಬ್ಬೆರಳು ಹೋಯಿತು, ಆಮೇಲೆ ಪಾದ. ಅವಳು ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗುವುದನ್ನು ಕಣ್ಣಾರೆ ಕಂಡವಳು ನಾನು. ಹೆದರಿದೆ, ಬಹಳ ಹೆದರಿದೆ.

ಡಾಕ್ಟರು ನಡೆಯಿರಿ ಅಂದಿದ್ದರು. ನಡೆಯುವುದು ನನಗೆ ಬೇಸರ. ಹೈಸ್ಕೂಲಿನಲ್ಲಿ ನಾನು ಓಡುತ್ತಿದ್ದವಳು. ತಾಲ್ಲೂಕು ಕ್ರೀಡಾಕೂಟದಲ್ಲಿ ಬರಿಗಾಲಲ್ಲಿ ಓಡಿ ಸ್ಟೀಲ್ ತಟ್ಟೆ ಗೆದ್ದಿದ್ದೆ. ಮೈನೆರೆದ ಮೇಲೆ "ಇನ್ನು ಸಾಕು ಕಣೇ, ಗಂಡುಬೀರಿ ಅಂತಾರೆ" ಎಂದು ಅಜ್ಜಿ ನಿಲ್ಲಿಸಿದ ಓಟ ಅದು. ನಲವತ್ತು ದಾಟಿದ ಮೇಲೆ ಅದನ್ನೇ ಮತ್ತೆ ಹಿಡಿಯುತ್ತೇನೆ ಎಂದಾಗ ಯಜಮಾನರು ನಗುತ್ತಾರೆ ಅಂದುಕೊಂಡಿದ್ದೆ. ಅವರು ನಗದೆ ಶೂ ಕೊಡಿಸಿದರು, ಜೊತೆಗೆ ಓಡಿದ ದೂರ ಹೇಳುವ ಒಂದು ವಾಚು. ಕಿಲೋಮೀಟರಿಗೊಮ್ಮೆ ಅದು ಟಿಂಗ್ ಎನ್ನುತ್ತಿತ್ತು. ಇಷ್ಟು ಧಾರಾಳ ಯಾಕೆ ಎಂದು ಎರಡು ದಿನ ಅವರನ್ನೇ ಗಮನಿಸಿದೆ. ವಾಚಿನ ಲೆಕ್ಕವನ್ನೂ ನಂಬದೆ ನಮ್ಮ ಕಚೇರಿಯ ನಕ್ಷೆ ಇಟ್ಟುಕೊಂಡು ತಾಳೆ ನೋಡಿದೆ. ಎರಡರಲ್ಲೂ ತಪ್ಪು ಸಿಗಲಿಲ್ಲ.

ಮೊದಲ ದಿನ ಊರಿನ ಕೊನೆಯ ಮನೆ ದಾಟುವುದರೊಳಗೆ ಪಕ್ಕೆ ಹಿಡಿದುಕೊಂಡಿತು. ಹದಿನೈದು ದಿನ ಮೆಟ್ಟಿಲು ಇಳಿಯಲು ಗೋಡೆ ಹಿಡಿಯಬೇಕಾಯಿತು. ಅವ್ವನ ಹಾಗೆಯೇ ಎಂದು ಅನ್ನಿಸಿದಾಗಲೆಲ್ಲ ಮರುದಿನ ಇನ್ನಷ್ಟು ಬೇಗ ಎದ್ದೆ. ಊರಾಚೆ ಮಣ್ಣಿನ ದಾರಿ, ಎರಡೂ ಕಡೆ ಈರುಳ್ಳಿ ಹೊಲ. ಜಡಿಮಳೆ ಹಿಡಿದರೆ ಶೂಗೆ ಮಣ್ಣು ಮೆತ್ತಿಕೊಂಡು ಎರಡು ಇಟ್ಟಿಗೆ ಕಟ್ಟಿಕೊಂಡು ಓಡಿದಂತಿರುತ್ತಿತ್ತು. ದಾರಿ ಏರಾಗುವ ಕಡೆ ಮಂಜುನಾಥ ಎಂಬ ರೈತನ ಮನೆ, ಅದಕ್ಕೆ ಅಂಟಿದ ಅವನ ಹೊಲದ ಮೂಲೆ, ಅಲ್ಲೊಂದು ಬಾಂದು ಕಲ್ಲು. ನನ್ನ ಉಸಿರು ಸರಿಯಾಗಿ ಅಲ್ಲಿಗೆ ಮುಗಿಯುತ್ತಿತ್ತು. ಕಲ್ಲಿನ ಮೇಲೆ ಕೈ ಊರಿ, ಬಗ್ಗಿ, ವಾಚು ನೋಡಿಕೊಂಡು, ಸ್ವಲ್ಪ ಸುಧಾರಿಸಿಕೊಂಡು ಹಿಂದಿರುಗುತ್ತಿದ್ದೆ.

ನೋಡುವವರ ಕಣ್ಣಿಗೆ ಇದು ಹೇಗೆ ಕಾಣುತ್ತದೆ ಎಂದು ನನಗೆ ಹೊಳೆಯಲೇ ಇಲ್ಲ. ಸರ್ವೆ ಮೇಡಂ, ಕತ್ತಲು ಹರಿಯುವ ಮುಂಚೆ, ಯಾರಿಗೂ ಹೇಳದೆ, ದಿನಾ ಅದೇ ದಾರಿ, ಕೈಯಲ್ಲಿ ಟಿಂಗ್ ಅನ್ನುವ ಮಿಷನ್ನು, ದಿನಾ ಅದೇ ಕಲ್ಲು ಮುಟ್ಟಿ ಬರುವುದು! ಎಲ್ಲರ ಮೇಲೆ ಅನುಮಾನ ಪಡುವವರಿಗೆ ತಮ್ಮ ಮೇಲೂ ಯಾರಾದರೂ ಅನುಮಾನ ಪಟ್ಟಾರು ಎಂಬುದು ಮಾತ್ರ ತಲೆಗೆ ಹೋಗುವುದಿಲ್ಲ.

ಮೊದಲು ನನ್ನ ಕಣ್ಣಿಗೆ ಬಿದ್ದದ್ದು ತೆಂಗಿನ ಸಸಿಗಳು. ಈರುಳ್ಳಿ ನಡುವೆ, ದಾರಿಯ ಅಂಚಿಗೆ, ಒಂದು ವಾರದಲ್ಲಿ ಸಾಲಾಗಿ ಎದ್ದು ನಿಂತಿದ್ದವು. ಆಮೇಲೆ ಒಬ್ಬರ ಹೊಲದಲ್ಲಿ ತಗಡಿನ ಶೆಡ್ಡು ಬಂತು, ಒಳಗೆ ದನವೂ ಇಲ್ಲ, ಹುಲ್ಲೂ ಇಲ್ಲ. ಇನ್ನೊಂದು ಕಡೆ ಬೇವಿನ ಮರದ ಬುಡದಲ್ಲಿ ರಾತ್ರೋರಾತ್ರಿ ಒಂದು ಕಲ್ಲು ಹುಟ್ಟಿ, ಅರಿಸಿನ ಕುಂಕುಮ ಬಳಿದುಕೊಂಡು ಚೌಡಮ್ಮ ಆಗಿತ್ತು. ಇವೆಲ್ಲ ಏನೆಂದು ನನಗೆ ಗೊತ್ತಿಲ್ಲದ್ದೇನಲ್ಲ. ರಸ್ತೆಯೋ ಕಾಲುವೆಯೋ ಬರುವ ಸುಳಿವು ಸಿಕ್ಕಿದ ಕಡೆ ಪರಿಹಾರ ಜಾಸ್ತಿ ಸಿಗಲೆಂದು ಜನ ಸಸಿ ನೆಡುತ್ತಾರೆ, ಶೆಡ್ಡು ಹಾಕುತ್ತಾರೆ. ರಸ್ತೆ ಪಕ್ಕಕ್ಕೆ ಸರಿಯಲೆಂದು ದೇವರನ್ನು ತಂದು ಕೂರಿಸುತ್ತಾರೆ. ಇಲ್ಲಿ ಯಾವುದೋ ಯೋಜನೆ ಬರುತ್ತಿದೆ, ನಮ್ಮ ಕಚೇರಿಯಲ್ಲಿ ನನಗೊಬ್ಬಳಿಗೆ ಮಾತ್ರ ಹೇಳಿಲ್ಲ ಎಂದು ನಾನು ಅನುಮಾನಪಟ್ಟೆ. ಮೇಲಿನವರ ಟೇಬಲ್ಲಿನ ಮೇಲೆ ಕಣ್ಣಾಡಿಸಿದೆ. ಏನೂ ಕಾಣಲಿಲ್ಲ. ಆ ಯೋಜನೆ ನಾನೇ ಎಂದು ಗೊತ್ತಾದದ್ದು ಮಂಜುನಾಥನ ತಾಯಿ ಗಂಗಮ್ಮ ನಮ್ಮ ಮನೆಗೆ ಬಂದ ದಿನ.

ಗಂಗಮ್ಮ ಒಂದು ಕುಕ್ಕೆ ಈರುಳ್ಳಿ ತಂದು ಬಾಗಿಲಲ್ಲಿಟ್ಟು ಹೊಸಲಿನ ಆಚೆಯೇ ಕೂತರು. ಒಳಗೆ ಕರೆದರೂ ಬರಲಿಲ್ಲ.

"ಮೇಡಮ್ಮೋರೆ, ನಿಮ್ಮ ಕಾಲಿಗೆ ಬೀಳ್ತೀನಿ. ನಮ್ಮ ಹೊಲದ ತಾವ ಓಡಬ್ಯಾಡಿ."

"ಯಾಕಮ್ಮ, ನಾನು ಓಡಿದ್ರೆ ನಿಮಗೇನು?"

"ನನ್ನ ಮಗಂಗೆ ಮೂವತ್ತಾರು ತುಂಬ್ತು. ಎಷ್ಟು ಕಡೆ ಹೆಣ್ಣು ಕೇಳಿದ್ದೀವಿ, ಹೊಲದೋನು ಬ್ಯಾಡ ಅಂತಾವ್ರೆ. ಈಗ ಸಿಂಗಟಗೆರೆ ಕಡೆ ಒಂದು ಒಪ್ಕಂಡಿದ್ರು. ಹುಡುಗಿ ಸೋದರಮಾವ ಇಲ್ಲಿಗೆ ಬಂದೋನು ಹೋಟ್ಲಲ್ಲಿ ವಿಚಾರ್ಸವ್ನೆ. ಯಾವನೋ ಹೇಳ್ಬಿಟ್ಟವ್ನೆ, ಹುಡುಗ ಒಳ್ಳೇನೇ, ಆದ್ರೆ ಜಮೀನು ಸರ್ಕಾರಕ್ಕೆ ಹೋಯ್ತದೆ, ಸರ್ವೆ ಮೇಡಂ ದಿನಾ ಬಂದು ಕಲ್ಲು ಮುಟ್ಟಿ ಅಳತೆ ಮಾಡ್ಕಂಡು ಹೋಯ್ತಾರೆ ಅಂತ. ಅವರು ಮಾತು ನಿಲ್ಸವ್ರೆ." ಅವರು ಕುಕ್ಕೆಯನ್ನು ನನ್ನ ಕಡೆಗೆ ಸರಿಸಿದರು. "ಹೊಲ ಇದ್ದಾಗ್ಲೇ ಹೆಣ್ಣು ಕೊಡಲ್ಲ ಮೇಡಮ್ಮೋರೆ. ಹೊಲ ಹೋಯ್ತದೆ ಅಂದ್ರೆ ಯಾರು ಕೊಡ್ತಾರೆ?"

"ನಾನು ಅಳೆಯೋಕೆ ಬರ್ತಿಲ್ಲಮ್ಮ. ನನಗೆ ಸಕ್ಕರೆ ಕಾಯಿಲೆ ಬರೋ ಹಾಗಿದೆ. ಅದಕ್ಕೆ ಓಡ್ತೀನಿ."

ಗಂಗಮ್ಮ ನನ್ನ ಮುಖವನ್ನೇ ನೋಡಿದರು. ನಂಬಲಿಲ್ಲ. ಎತ್ತು ಈಯ್ತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಊರು ನಾನು ಹೇಳಿದ ಇಷ್ಟು ಸಾದಾ ಮಾತನ್ನು ನಂಬುವುದಿಲ್ಲವಲ್ಲ ಎಂದು ಸಿಟ್ಟು ಬಂತು.

ಅವರು ಹೋದ ಮೇಲೆ ನನ್ನ ಬುದ್ಧಿ ತನ್ನ ಕೆಲಸ ಶುರು ಮಾಡಿತು. ಓಡಬೇಡಿ ಎನ್ನಲು ಮದುವೆಯೇ ಕಾರಣವೋ, ಅಥವಾ ದಾರಿ ಒತ್ತುವರಿ ಮಾಡಿಕೊಂಡಿದ್ದಾರೋ? ಮರುದಿನವೇ ಕಚೇರಿಯಲ್ಲಿ ಅವರ ಸರ್ವೆ ನಂಬರಿನ ನಕ್ಷೆ ತೆಗೆದು ನೋಡಿದೆ. ಸಂಜೆ ಹೋಗಿ ಕಲ್ಲನ್ನೂ ನೋಡಿದೆ. ಅಜ್ಜನ ಕಾಲದಲ್ಲಿ ನೆಟ್ಟ ಕಲ್ಲು ನೆಟ್ಟ ಜಾಗದಲ್ಲೇ ಇತ್ತು. ಇಡೀ ದಾರಿಯಲ್ಲಿ ಎತ್ತು ತಗುಲದ ಕಲ್ಲು ಅದೊಂದೇ ಇರಬೇಕು. ಗಂಗಮ್ಮ ಹೇಳಿದ್ದು ಹೇಳಿದ ಹಾಗೇ ನಿಜ ಎಂದಾದ ಮೇಲೆ ಮನಸ್ಸಿಗೆ ಕಸಿವಿಸಿಯಾಯಿತು, ಅಲ್ಲಿ ಓಡುವುದನ್ನು ನಿಲ್ಲಿಸಿದೆ.

ನಿಲ್ಲಿಸಿದ್ದೇ ಎಡವಟ್ಟಾಯಿತು. ನಾಲ್ಕೇ ದಿನಕ್ಕೆ ಊರಲ್ಲಿ ಹೊಸ ಮಾತು ಹುಟ್ಟಿತು: ಅಳತೆ ಮುಗೀತು, ಇನ್ನು ನೋಟಿಸು ಬರೋದೊಂದೇ ಬಾಕಿ. ಈ ಸಲ ಮಂಜುನಾಥನೇ ಬಂದ. ದೊಡ್ಡ ಆಳು, ಸಣ್ಣ ದನಿ. ಕೈಯಲ್ಲಿದ್ದ ಟವೆಲ್ಲನ್ನು ಮಡಚುವುದು, ಬಿಚ್ಚುವುದು ಮಾಡುತ್ತಿದ್ದ.

"ಮೇಡಂ, ಯಾಕೆ ನಿಲ್ಸಿದ್ರಿ? ಓಡಿ ಮೇಡಂ."

"ನಿಮ್ಮಮ್ಮ ಬೇಡ ಅಂದ್ರಲ್ಲಪ್ಪ!"

"ಅವ್ವಂಗೇನು ಗೊತ್ತಾಯ್ತದೆ? ಈಗ ನೀವು ಓಡಿದ್ರೂ ಕಷ್ಟ, ನಿಲ್ಸಿದ್ರೂ ಕಷ್ಟ ಆಗ್ಬಿಟ್ಟೈತೆ." ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ. "ಆ ಹುಡುಗಿ ನನ್ನ ಜೊತೆ ಒಂದ್ಸಲ ಫೋನಲ್ಲಿ ಮಾತಾಡವ್ಳೆ. ನನಗೂ ಈರುಳ್ಳಿ ಕುಯ್ಯೋಕೆ ಬತ್ತದೆ ಅಂದ್ಲು. ಇನ್ನೊಬ್ಬಳು ಹಂಗೆ ಅನ್ನಲ್ಲ ಮೇಡಂ."

ಆ ಮಾತಿಗೆ ನನ್ನ ಅನುಮಾನವೆಲ್ಲ ಬಾಯಿ ಮುಚ್ಚಿಕೊಂಡಿತು. ಆ ಹುಡುಗಿಯ ಮನೆಗೆ ನಾನೇ ಬಂದು ಹೇಳುತ್ತೇನೆ ಎಂದೆ.

ಭಾನುವಾರ ಗಂಗಮ್ಮನ ಜೊತೆ ಕಡೂರಲ್ಲಿ ಬಸ್ಸು ಬದಲಿಸಿ ಸಿಂಗಟಗೆರೆಗೆ ಹೋದೆ. ಹುಡುಗಿ ಸವಿತಾ ಮನೆಯಲ್ಲೇ ಬಟ್ಟೆ ಹೊಲಿಯುವವಳು. ಜಗಲಿಯ ಮೂಲೆಯಲ್ಲಿ ಮಿಷನ್ ಹತ್ತಿರವೇ ಕೂತಿದ್ದಳು. ಮಾತೆಲ್ಲ ಸೋದರಮಾವ ತಿಮ್ಮಪ್ಪನದು. ನಾನು ಡಾಕ್ಟರು ಹೇಳಿದ್ದು, ಅವ್ವನ ಕಾಲು, ಎಲ್ಲವನ್ನೂ ಹೇಳಿದೆ. ಆ ಹೊಲದ ಮೇಲೆ ಯಾವ ಯೋಜನೆಯೂ ಇಲ್ಲ ಎಂದೆ. ತಿಮ್ಮಪ್ಪ ಎಲೆಅಡಿಕೆ ಜಗಿಯುತ್ತಾ ಕೇಳಿಸಿಕೊಂಡ.

"ಅಲ್ಲ ಕಣ್ರೀ, ಏನೂ ಇಲ್ಲ ಅಂತ ಹೇಳೋಕೆ ಸರ್ಕಾರದೋರು ಎರಡು ಬಸ್ಸತ್ತಿ ಯಾಕೆ ಬತ್ತಾರೆ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಕಂಡು ನೋಡ್ಕಂಡಂಗಾಯ್ತು."

ಅವನ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

"ಓಡ್ತೀನಿ ಅಂತೀರಲ್ಲ. ಎಲ್ಲಿ, ನಮ್ಮೂರ ಕೆರೆ ಏರಿ ಮ್ಯಾಲೆ ಓಡಿ ನೋಡಾನ" ಎಂದ ತಿಮ್ಮಪ್ಪ. ನಾನು ಎದ್ದು ನಿಂತೆ. "ಒಂದ್ನಿಮಿಷ. ಕೈಲಿರೋ ಗಡಿಯಾರ ಬಿಚ್ಚಿ ಕೊಡಿ. ಓಡೋ ನೆಪದಲ್ಲಿ ನಮ್ಮ ಕೆರೇನೂ ಅಳ್ದುಬಿಟ್ಟೀರ."

ಗಂಗಮ್ಮ ತಲೆ ತಗ್ಗಿಸಿದರು. ನಾನು ವಾಚು ಬಿಚ್ಚಿ ಅವನ ಕೈಗೆ ಕೊಟ್ಟೆ. ಏರಿಯ ಮೇಲೆ ಹೋಗುವಷ್ಟರಲ್ಲಿ ಅರ್ಧ ಬೀದಿ ಹಿಂದೆ ಬಂದಿತ್ತು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಬಿಟ್ಟು, ಬರಿಗಾಲಲ್ಲಿ ಓಡಿದೆ. ಶುರುವಿನಲ್ಲಿ ನಗು ಕೇಳಿಸಿತು, ಯಾರೋ ಸಿಳ್ಳೆ ಹಾಕಿದರು. ನಾಚಿಕೆಯಿಂದ ಕಿವಿ ಬಿಸಿಯಾಯಿತು. ಒಂದು ಕಡೆ ಕೆರೆಯ ನೀರು, ಇನ್ನೊಂದು ಕಡೆ ತೆಂಗಿನ ತೋಟ, ಕಾಲಿಗೆ ಚುಚ್ಚುವ ಕಲ್ಲು. ತೂಬಿನ ತನಕ ಹೋಗಿ ತಿರುಗಿದಾಗ ನಗು ನಿಂತಿತ್ತು. ಅಥವಾ ನನ್ನ ಏದುಸಿರಿನಲ್ಲಿ ನನಗೆ ಏನೂ ಕೇಳಿಸಲಿಲ್ಲ. ಹಿಂದಿರುಗಿ ಬಂದವಳು ಮೊಣಕಾಲಿನ ಮೇಲೆ ಕೈ ಊರಿ ನಿಂತೆ, ಮೂಗಿನ ತುದಿಯಿಂದ ಬೆವರು ತೊಟ್ಟಿಕ್ಕುತ್ತಿತ್ತು. ಸವಿತಾ ಗುಂಪನ್ನು ಸರಿಸಿಕೊಂಡು ಬಂದು ನನ್ನ ತೋಳು ಹಿಡಿದುಕೊಂಡಳು.

"ಸಾಕು ಮಾವ. ಇನ್ನೇನು ಪ್ರಾಣ ತೆಗೀತೀಯ?"

ತಿಮ್ಮಪ್ಪ ವಾಚು ವಾಪಸ್ಸು ಕೊಟ್ಟ. "ಅಳೆಯೋರು ಹಿಂಗೆ ತೇಕಲ್ಲ ಬಿಡಿ" ಎಂದ. ಆದರೂ ಮನೆಗೆ ಬಂದ ಮೇಲೆ ಸವಿತಾಳ ತಾಯಿ ನೀರಿನ ಚೊಂಬು ಕೊಡುತ್ತಾ ಒಂದೇ ಮಾತು ಕೇಳಿದರು. "ನಿಮ್ಮ ಮಗಳಾಗಿದ್ರೆ ಆ ಮನೆಗೆ ಕೊಡ್ತಿದ್ರಾ?"

"ನನಗೆ ಹೆಣ್ಣು ಮಕ್ಕಳಿಲ್ಲಮ್ಮ. ಇದ್ದಿದ್ರೆ ಕೊಡ್ತಿದ್ದೆ" ಎಂದೆ. ಸವಿತಾ ನನ್ನನ್ನೇ ನೋಡುತ್ತಿದ್ದಳು.

ಈರುಳ್ಳಿ ಕಿತ್ತು ಮುಗಿದ ಮೇಲೆ ಮದುವೆಯಾಯಿತು. ನಾನು ಮೊದಲ ಪಂಕ್ತಿಯಲ್ಲಿ ಕೂತು ಹೋಳಿಗೆಯನ್ನು ಪಕ್ಕಕ್ಕೆ ಸರಿಸಿ ಊಟ ಮಾಡಿದೆ. ಸಿಂಗಟಗೆರೆ ಕೆರೆಯ ಕೆಳಗೆ ಯಾರೋ ಇಬ್ಬರು ಹೊಸದಾಗಿ ತೆಂಗಿನ ಸಸಿ ನೆಟ್ಟಿದ್ದಾರೆ ಎಂಬ ಸುದ್ದಿಯನ್ನು ಅಲ್ಲೇ ಕೇಳಿ ಬಿದ್ದು ಬಿದ್ದು ನಕ್ಕೆವು. ಡಾಕ್ಟರು ಸಕ್ಕರೆ ಬಾಗಿಲಿನಿಂದ ಹಿಂದಕ್ಕೆ ಹೋಗಿದೆ ಎಂದರು. ಕಲ್ಲಿನ ಆಚೆಯ ಏರನ್ನೂ ಈಗ ನಿಲ್ಲದೆ ಹತ್ತುತ್ತಿದ್ದೆ. ಗಂಗಮ್ಮ ಅಂಗಳದಲ್ಲಿ ನೀರು ಚಿಮುಕಿಸುತ್ತಾ, "ಬಿರ್ರನೆ ಓಡಿ ಮೇಡಮ್ಮೋರೆ" ಎಂದು ಕೂಗುತ್ತಿದ್ದರು. ಇಷ್ಟು ಸುಖ ಎಲ್ಲಿಂದ ಬಂತು ಎಂದು ನಾನು ಅನುಮಾನ ಪಡಬೇಕಿತ್ತು.

ಸಂಕ್ರಾಂತಿ ಕಳೆದ ಮೇಲೆ ಕಚೇರಿಗೆ ಮೇಲಿನಿಂದ ಒಂದು ನಕ್ಷೆ ಬಂತು. ಊರ ಹೊರಗಿನಿಂದ ಹೊಸ ರಸ್ತೆ. ಕೆಂಪು ಗೆರೆ ಎಲ್ಲೆಲ್ಲಿ ಹಾಯುತ್ತದೆ ಎಂದು ಬೆರಳಿಟ್ಟು ನೋಡುತ್ತಾ ಹೋದೆ. ಮಂಜುನಾಥನ ಸರ್ವೆ ನಂಬರಿಗೆ ಬಂದಾಗ ಬೆರಳು ನಿಂತಿತು. ಮನೆ ಉಳಿಯುತ್ತಿತ್ತು, ಹೊಲ ನಡುಮಧ್ಯೆ ಸೀಳಿ ಎರಡಾಗುತ್ತಿತ್ತು. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರೆ. ನಾನು ಒಂದೇ ಒಂದು ನಿಜ ಹೇಳಿ ಮದುವೆ ಮಾಡಿಸಿದ್ದೆ, ಈಗ ಅದೂ ಸುಳ್ಳಾಯಿತು.

ಈ ಕೆಲಸ ಬೇರೆಯವರಿಗೆ ಕೊಡಿ ಎಂದು ಸಾಹೇಬರನ್ನು ಕೇಳಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಯಾಕಮ್ಮ, ಅಲ್ಲಿ ನಿಮ್ಮೋರು ಯಾರಾದ್ರೂ ಇದಾರಾ?" ಎಂದರು. ನಕ್ಷೆ ಮಡಚಿಕೊಂಡು ಬಂದೆ. ಮನೆಯಲ್ಲಿ ಹೇಳಿಕೊಂಡರೆ ಯಜಮಾನರು ಊಟ ನಿಲ್ಲಿಸಿ, "ನಿಜ ಹೇಳು, ನಿನಗೆ ಮೊದಲೇ ಗೊತ್ತಿರಲಿಲ್ವಾ?" ಎಂದು ಕೇಳಿದರು. ಅವರೇ ಹಾಗೆ ಕೇಳಿದ ಮೇಲೆ ಉಳಿದವರದ್ದೇನು? ತಟ್ಟೆ ಬಿಟ್ಟು ಎದ್ದೆ. ಮರುದಿನದಿಂದ ಓಡುವುದನ್ನೂ ಬಿಟ್ಟೆ.

ಅಳತೆಗೆ ಹೋದ ದಿನ ಗಂಗಮ್ಮ ಜಗಲಿಯ ಮೇಲೆ ಕೂತಿದ್ದರು. ಒಂದು ಲೋಟ ನೀರಿಗೂ ಕರೆಯಲಿಲ್ಲ. ಮಂಜುನಾಥ ನಾನು ಹೇಳಿದ ಕಡೆಯೆಲ್ಲ ಅಳತೆ ಕೋಲು ಹಿಡಿದು ನಿಂತ, ಹೊಸ ಕಲ್ಲು ನೆಡಲು ಜಾಗ ಬಿಟ್ಟುಕೊಟ್ಟ. ಕೊನೆಗೆ, "ಎಲ್ಲಿ ಸೈನ್ ಹಾಕ್ಬೇಕು ಮೇಡಂ?" ಎಂದ. ಬೈದಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಅವನು ಸೈನ್ ಹಾಕಿ ಹೋದ ಮೇಲೆ ನಾನು ಸಾಮಾನು ಕಟ್ಟುತ್ತಿದ್ದಾಗ ಸವಿತಾ ಬದುವಿನ ಮೇಲೆ ಬಂದು ನಿಂತಳು.

"ಬೆಳಗ್ಗೆ ಓಡೋದು ಬಿಟ್ಟಿದ್ದೀರಂತೆ?"

"ಯಾವ ಮುಖ ಇಟ್ಕೊಂಡು ಓಡಲಮ್ಮ?"

"ಬಿಡಬೇಡಿ ಮೇಡಂ. ನೀವು ಬಿಟ್ರೆ ಜನ ಅಂದಿದ್ದೇ ನಿಜ ಆಗ್ತದೆ. ಮೇಡಂ ಗೊತ್ತಿದ್ದೂ ಗೊತ್ತಿದ್ದೂ ಸುಳ್ಳು ಹೇಳಿ ಈ ಹುಡುಗೀನ ಈ ಮನೆ ತುಂಬಿಸಿದ್ರು ಅಂತ ಆಗ್ತದೆ. ಹೊಲ ಅರ್ಧ ಹೋದ್ರೂ ಬದುಕ್ತೀನಿ. ಮೋಸದಲ್ಲಿ ಬಂದೋಳು ಅನ್ನಿಸ್ಕಂಡು ನಾನು ಇಲ್ಲಿ ಬದುಕೋಕಾಗಲ್ಲ."

ಹಳೇ ಚಾಳಿ, ಅವಳ ಮಾತಿನ ಹಿಂದೆ ಏನಿದೆ ಎಂದು ಹುಡುಕಿದೆ. ಗೆರೆ ಸರಿಸಿ ಅನ್ನಲು ಬಂದಳೇ? ಕಲ್ಲು ನೆಟ್ಟಾಗಿತ್ತು, ಸೈನ್ ಬಿದ್ದಾಗಿತ್ತು. ನನ್ನಿಂದ ಅವಳಿಗೆ ಇನ್ನು ಏನೂ ಆಗಬೇಕಿರಲಿಲ್ಲ. ಅವಳು ನನ್ನನ್ನು ನಂಬಿದ್ದಳು, ಅಷ್ಟೇ. ನನಗೆ ಅಳು ಬಂತು. ಸಾಮಾನಿನ ಚೀಲದ ಮೇಲೆ ಬಗ್ಗಿಕೊಂಡು ಅತ್ತೆ.

ಮರುದಿನ ಬೆಳಗ್ಗೆ ಓಡಿದೆ. ಕಾಲು ಭಾರವಾಗಿತ್ತು. ಬೇವಿನ ಮರದ ಚೌಡಮ್ಮ, ಖಾಲಿ ಶೆಡ್ಡು, ಒಣಗಿದ ತೆಂಗಿನ ಸಸಿಗಳು. ಹಾಲು ಹಾಕಲು ಹೊರಟವರು ದಾರಿಯ ಬದಿಗೆ ಸರಿದು ನಿಂತು ನೋಡಿದರು. ಮಂಜುನಾಥನ ಮನೆ ಹತ್ತಿರ ಬಂದಾಗ ಗಂಗಮ್ಮ ಅಂಗಳ ಗುಡಿಸುತ್ತಿದ್ದರು. ನನ್ನ ಹೆಜ್ಜೆಯ ಸದ್ದು ಕೇಳಿಯೂ ತಲೆ ಎತ್ತಲಿಲ್ಲ. ಒಳಗಿನಿಂದ ಸವಿತಾ ಇಡೀ ದಾರಿಗೆ ಕೇಳುವಂತೆ ಕೂಗಿದಳು.

"ಅತ್ತೇ, ಸರ್ವೆ ಮೇಡಂ ಓಡ್ತಾವ್ರೆ ನೋಡಿ!"

ಗಂಗಮ್ಮ ಪೊರಕೆ ನಿಲ್ಲಿಸಿ, ಬೆನ್ನು ನೆಟ್ಟಗೆ ಮಾಡಿಕೊಂಡು, ನನ್ನನ್ನು ತುಂಬಾ ಹೊತ್ತು ನೋಡಿದರು.

"ಓಡ್ಲಿ ಬಿಡೇ. ಅಳೆಯಾಕೆ ಇನ್ನೇನೈತೆ?"